ಇಸ್ತ್ರಿ ಮಾಡಿದ ನೋಟು

"ಕಾಲರ್ ಸುಡ್ತೀಯ ನೋಡು! ಮೊದಲು ಹಿಂದಿನಿಂದ ಎಳಿ, ಆಮೇಲೆ ಮುಂದೆ," ಎಂದು ಸೋದರಮಾವ ಬಾಗಿಲಲ್ಲಿ ನಿಂತೇ ಹೇಳಿದ.

ಹುಟ್ಟಿದಾಗಿನಿಂದ ಇಸ್ತ್ರಿಪೆಟ್ಟಿಗೆಯ ಕಾವಿನಲ್ಲೇ ಬೆಳೆದವನಿಗೆ, ಒಂದು ದಿನವೂ ಅದರ ಹಿಡಿ ಮುಟ್ಟದ ಮನುಷ್ಯ ಕಾಲರಿನ ಪಾಠ ಹೇಳುತ್ತಿದ್ದ. ಮಗ ಅಂಗಿಯನ್ನು ಮೇಜಿನ ಅಂಚಿಗೆ ಎಳೆದುಕೊಂಡ. ನಡುವೆ ಇಸ್ತ್ರಿ ಮಾಡುವಂತಿರಲಿಲ್ಲ. ಅಲ್ಲಿ ಹಾಸಿದ್ದ ಕಂಬಳಿ ಕಪ್ಪಗೆ ಸುಟ್ಟಿತ್ತು, ಇಸ್ತ್ರಿಪೆಟ್ಟಿಗೆಯದೇ ಆಕಾರದಲ್ಲಿ. ನಿನ್ನೆ ಬೆಳಿಗ್ಗೆ ಅಪ್ಪ ಯಾರದೋ ಪ್ಯಾಂಟಿನ ಮೇಲೆ ಪೆಟ್ಟಿಗೆ ಒತ್ತಿ ಹಿಡಿದವನು ಹಾಗೇ ಕುಸಿದಿದ್ದ. ಹೊಗೆ ವಾಸನೆ ಒಳಮನೆಗೆ ಬಂದ ಮೇಲೇ ಅಮ್ಮನಿಗೆ ಗೊತ್ತಾದದ್ದು. ಈಗ ಅಪ್ಪ ಪಕ್ಕದ ಕೋಣೆಯಲ್ಲಿ ಬಿಳಿ ಬಟ್ಟೆಯಡಿ ಮಲಗಿದ್ದ. ಅವನಿಗೆ ತೊಡಿಸಬೇಕಾದ ಅಂಗಿ ಇದು. ಬೀದಿಗೆಲ್ಲ ಗರಿಗರಿ ಬಟ್ಟೆ ಕೊಟ್ಟವನನ್ನು ಮುದುರಿದ ಅಂಗಿಯಲ್ಲಿ ಕಳಿಸಿದರೆ ಜನ ಬಾಯಿಗೆ ಬಂದಂತೆ ಆಡುತ್ತಾರೆ ಎಂದು ಅಮ್ಮನೇ ಅಂದಿದ್ದಳು. ಮಗನ ಮುಖ ನೋಡಿ ಅಂದಿರಲಿಲ್ಲ, ಗೋಡೆ ನೋಡಿ ಅಂದಿದ್ದಳು.

ಮಾವ ಕದಲಲಿಲ್ಲ. ಕಾಲರ್ ಬರೀ ನೆಪ. ಈ ಅಂಗಡಿಕೋಣೆಯ ಒಳಮೂಲೆಯಲ್ಲಿ ಅಮ್ಮನ ಟ್ರಂಕು ಇದೆ. ಅದಕ್ಕೆ ಬೀಗ ಇದೆ, ಬೀಗದ ಕೈ ಅಮ್ಮನ ಸೊಂಟದಲ್ಲಿದೆ. ಆದರೂ ಮಾವ ಕಾವಲು ನಿಂತಿದ್ದ.

"ನಿಂತು ನಿಂತು ಕಾಲು ನೋಯಲ್ವಾ ಮಾವ?"

"ನೋಯುತ್ತೆ. ಏನ್ಮಾಡೋದು? ನಾಲ್ಕು ಜನ ಬಂದು ಹೋಗೋ ದಿನ. ಒಂದು ಕಣ್ಣಿಟ್ಟಿರ್ಬೇಕು."

"ಜನದ ಮೇಲೋ, ನನ್ನ ಮೇಲೋ?"

"ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕಪ್ಪ ಹೆಗಲು ಮುಟ್ಟಿ ನೋಡ್ಕೋತೀಯ?"

ಕೆಂಡ ತುಂಬಿದ ಪೆಟ್ಟಿಗೆ ಕೈಯಲ್ಲಿತ್ತು. ಅದನ್ನು ಎಲ್ಲಿ ಒತ್ತಬೇಕು ಅನ್ನಿಸಿತೋ ಅಲ್ಲಿ ಒತ್ತದೆ, ಅಂಗಿಯ ತೋಳಿನ ಮೇಲೆ ಒತ್ತಿದ. ಎದೆಯ ಭಾಗಕ್ಕೆ ಬಂದಾಗ ನೀರು ಚಿಮುಕಿಸುವ ಮುಂಚೆ ಅವನ ಎರಡು ಬೆರಳು ತಾವಾಗಿ ಜೇಬಿನೊಳಗೆ ಇಳಿದು, ತಳ ಮುಟ್ಟಿ, ಹೊರಬಂದವು. ಜೇಬಲ್ಲಿ ಏನೂ ಇರಲಿಲ್ಲ.

ಅದನ್ನೂ ಮಾವ ನೋಡಿದ.

*

ಅಪ್ಪನ ಅಂಗಡಿಗೆ ಬೋರ್ಡು ಇರಲಿಲ್ಲ. ಬೀದಿಗೆ ಬಾಯ್ತೆರೆದ ಒಂದು ಕೋಣೆ, ಒಂದು ಮೇಜು, ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ, ಮೂಲೆಯಲ್ಲಿ ಇದ್ದಿಲ ಚೀಲ. ಮಗ ಓದು ಬಿಟ್ಟು ಆ ಮೇಜಿನ ಮುಂದೆ ನಿಂತಾಗ ಅಪ್ಪ ಹೇಳಿಕೊಟ್ಟ ಮೊದಲ ಪಾಠ ಇಸ್ತ್ರಿಯದಲ್ಲ, ಜೇಬಿನದು.

"ನೀರು ಚಿಮುಕಿಸೋಕೆ ಮುಂಚೆ ಜೇಬಿಗೆ ಕೈ ಹಾಕು. ಮೇಲಿಂದು, ಪಕ್ಕದ್ದು, ಹಿಂದಿಂದು, ಒಳಗಿಂದು. ಏನಾದ್ರೂ ಸಿಗಲಿ, ಅದೇ ಜೇಬಿಗೆ ವಾಪಸ್ ಹೋಗ್ಬೇಕು. ತಿಳೀತಾ?"

ಆಗ ಜೇಬಿಗೆ ಕೈ ಹಾಕಿದರೆ ಏನಾದರೂ ಸಿಗುತ್ತಿತ್ತು. ಮುದ್ದೆಯಾದ ನೋಟು, ಬೆವರಿಗೆ ಅಂಟಿದ ನೋಟು, ನಾಲ್ಕು ಮಡಿಕೆ ಹಾಕಿ ಹೆಂಡತಿಗೆ ಕಾಣದಂತೆ ಒಳಜೇಬಿಗೆ ಸಿಕ್ಕಿಸಿದ ನೋಟು. ಅಪ್ಪ ಅದನ್ನು ಬಿಡಿಸಿ, ಬಟ್ಟೆಯ ಎರಡು ಪದರದ ನಡುವೆ ಇಟ್ಟು, ಪೆಟ್ಟಿಗೆಯನ್ನು ಹಗುರಾಗಿ ಒಂದು ಸಲ ಆಡಿಸುತ್ತಿದ್ದ. ನೋಟು ಅಚ್ಚಿನಿಂದ ಈಗಷ್ಟೇ ಬಂದಂತೆ ಎದ್ದು ಬರುತ್ತಿತ್ತು. ಬಟ್ಟೆ ಕೊಡುವಾಗ ಅದನ್ನು ಎತ್ತಿ ತೋರಿಸಿ, "ಹುಷಾರು," ಎಂದು ಹೇಳಿ ಕೊಡುತ್ತಿದ್ದ. ಇಸ್ಕೊಂಡವರು ಬೀದಿಯಲ್ಲಿ ಹತ್ತು ಜನಕ್ಕೆ ಹೇಳುತ್ತಿದ್ದರು. ಹಾಗೆ 'ಗರಿಗರಿಯಣ್ಣ' ಎಂಬ ಹೆಸರು ಬಂತು. ಬೋರ್ಡು ಇರಲಿಲ್ಲ ನಿಜ. ಬೋರ್ಡು ಜನರ ಜೇಬಿನಲ್ಲಿತ್ತು.

ಆಮೇಲೆ ಫೋನಿನಲ್ಲೇ ದುಡ್ಡು ಕಳಿಸುವ ಕಾಲ ಬಂತು. ಸೊಪ್ಪಿನವಳ ಬುಟ್ಟಿಗೂ ಸ್ಟಿಕ್ಕರ್, ಚಪ್ಪಲಿ ಹೊಲಿಯುವವನ ಡಬ್ಬಕ್ಕೂ ಸ್ಟಿಕ್ಕರ್. ಅಪ್ಪನ ಗೋಡೆಗೂ ಒಬ್ಬ ಬಂದು ಒಂದು ಅಂಟಿಸಿ ಹೋದ. ಅಪ್ಪನಿಗೆ ಫೋನಿನ ತಂಟೆ ಬೇಡವಾಗಿತ್ತು. ದುಡ್ಡೆಲ್ಲ ಅಮ್ಮನ ಖಾತೆಗೆ ಬೀಳತೊಡಗಿತು. ಅಮ್ಮನಿಗೆ ಕಣ್ಣಿಗೆ ಕಾಣದ ದುಡ್ಡಿನ ಮೇಲೆ ನಂಬಿಕೆಯಿಲ್ಲ. ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ ನೋಟು ಮಾಡಿಸಿ ತಂದು ಟ್ರಂಕಿಗೆ ತುಂಬುತ್ತಿದ್ದಳು. ಬೀಗದ ಕೈ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ದುಡಿದರೂ ಅಪ್ಪನ ಕೈಗೆ ಒಂದು ನಾಣ್ಯ ತಾಕುತ್ತಿರಲಿಲ್ಲ. ಮೇಜಿನ ಡ್ರಾಯರಿನಲ್ಲಿ ಗುಂಡಿ, ಸೂಜಿ, ದಾರ. ಜನರ ಜೇಬುಗಳೂ ಅಷ್ಟೇ. ಕೈ ಹಾಕಿದರೆ ಹತ್ತಿಯ ಧೂಳು.

ಒಂದು ದಿನ ವಕೀಲರು ಕರಿಕೋಟು ಒಯ್ಯಲು ಬಂದರು. ಜೊತೆಗೆ ಎದುರಿನ ಔಷಧಿ ಅಂಗಡಿಯವನೂ ಇದ್ದ.

"ಏನ್ ಗರಿಗರಿಯಣ್ಣ, ಮುಂಚೆ ನನ್ನ ಕೋಟಿಂದ ಆಗಾಗ ಒಂದು ನೋಟಾದ್ರೂ ವಾಪಸ್ ಬರ್ತಿತ್ತು. ಈಗ ಒಂದೂ ಬರಲ್ಲ. ಎಲ್ಲಿಗೆ ಹೋಗ್ತಿವೆ?"

ಔಷಧಿ ಅಂಗಡಿಯವನು ನಕ್ಕ. ವಕೀಲರು ತಾವೂ ನಕ್ಕು, ಗೋಡೆಯ ಸ್ಟಿಕ್ಕರಿಗೆ ಫೋನು ಹಿಡಿದು ದುಡ್ಡು ಕಳಿಸಿ ಹೊರಟರು. ಜೇಬಿನಲ್ಲಿ ನೋಟೇ ಇಡದ ಮನುಷ್ಯ ನೋಟೆಲ್ಲಿ ಅಂತ ಕೇಳಿದ್ದ! ಮಗನಿಗೂ ನಗು ಬಂತು. ಅಪ್ಪನಿಗೆ ಬರಲಿಲ್ಲ.

"ತಮಾಷೆಗೆ ಅಂದ್ರು ಬಿಡಪ್ಪ."

"ತಮಾಷೆ ಅಲ್ಲ ಅದು." ಅಪ್ಪ ಪೆಟ್ಟಿಗೆಯ ಬೂದಿ ಊದುತ್ತಾ ಅಂದ. "ವಾಪಸ್ ಕೊಡೋಕೆ ಏನೂ ಇಲ್ದೋನನ್ನ ಒಳ್ಳೇನು ಅಂತ ಯಾರು ಕರೀತಾರೆ?"

*

ಅಪ್ಪನ ಸೆಟೆದ ತೋಳು ಮಡಿಸಲು ಬರಲಿಲ್ಲ. ಅಂಗಿಯನ್ನು ಬೆನ್ನ ಕಡೆ ಉದ್ದಕ್ಕೆ ಕತ್ತರಿಸಿ, ಮುಂದಿನಿಂದ ತೊಡಿಸಬೇಕಾಯಿತು. ಮುಂದೆ ನೋಡಿದರೆ ಒಂದು ಸುಕ್ಕಿಲ್ಲ. ಹಿಂದೆ ಏನಾಗಿದೆ ಅನ್ನುವುದು ಮಲಗಿದವನಿಗೂ ತೊಡಿಸಿದವನಿಗೂ ಮಾತ್ರ ಗೊತ್ತು.

ಜನ ಬಂದರು. ಅಕ್ಕಪಕ್ಕದ ಮನೆಗಳಿಂದ ತಂದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತರು. ಬಂದವರೆಲ್ಲ ಮೊದಲು ಅಪ್ಪನ ಮುಖ ನೋಡುತ್ತಿದ್ದರು, ಆಮೇಲೆ ಮಗನ ಮುಖ, ಆಮೇಲೆ ಒಬ್ಬರಿಗೊಬ್ಬರು. ಏನು ಅಂದುಕೊಳ್ಳುತ್ತಿದ್ದಾರೆ ಅಂತ ಕೇಳಬೇಕಾಗಿರಲಿಲ್ಲ. ಮಾವನ ಬಾಯಿ ಇಡೀ ಬೀದಿಗೆ ಡಂಗುರ. ಮನೆಯ ಟ್ರಂಕಿಗೇ ಕೈ ಹಾಕಿದ ಮಗ, ಊರು ಬಿಟ್ಟು ಹೋದವನು, ಈಗ ಬಂದಿದ್ದಾನೆ. ಯಾಕೆ ಬಂದಿದ್ದಾನೋ!

ಔಷಧಿ ಅಂಗಡಿಯವನು ಶುರು ಮಾಡಿದ. "ಇಂಥ ಮನುಷ್ಯ ಇನ್ನು ಹುಟ್ಟಲ್ಲ ಬಿಡಿ. ನನ್ನ ಪ್ಯಾಂಟಿನ ಹಿಂದಿನ ಜೇಬಲ್ಲಿ ನೋಟಿತ್ತಂತೆ. ನಂಗೇ ಗೊತ್ತಿಲ್ಲ! ಅಂಗಡೀಲಿ ಎಲ್ಲಾ ಫೋನಲ್ಲೇ ವ್ಯವಹಾರ, ನಾನು ನೋಟು ಮುಟ್ಟಿ ಯಾವ ಕಾಲ ಆಗಿತ್ತೋ. ಇವರು ಅದನ್ನ ಇಸ್ತ್ರಿ ಮಾಡಿ, ಎಲ್ಲರ ಮುಂದೆ ಎತ್ತಿ ತೋರಿಸಿ ಕೊಟ್ರು. ಕೈ ಅಂದ್ರೆ ಕೈ!"

"ನಂಗೂ ಕೊಟ್ಟಿದ್ರಣ್ಣ," ಅಂದಳು ಸಂದಿಮನೆಯ ನರ್ಸಮ್ಮ. "ಯೂನಿಫಾರ್ಮಿನ ಜೇಬಲ್ಲಿತ್ತು ಅಂತ. ಆ ಜೇಬಲ್ಲಿ ನಾನು ಪೆನ್ನು ಬಿಟ್ರೆ ಬೇರೇನೂ ಇಡಲ್ಲ. ಆದ್ರೂ… ಯಾವಾಗ್ಲೋ ಇಟ್ಟಿದ್ದೆನೇನೋ ಅಂದ್ಕೊಂಡೆ."

ನೀರಿನ ಲೋಟಗಳ ತಟ್ಟೆ ಹಿಡಿದು ಹೋಗುತ್ತಿದ್ದ ಮಗ ನಿಂತ.

"ಯಾವಾಗ ಅಕ್ಕ ಅದು?"

"ಬೀದಿ ಕೊನೇಲಿ ಆ ಮಿಷನ್ ಲಾಂಡ್ರಿ ಶುರುವಾಯ್ತಲ್ಲ, ಆ ವರ್ಷ ಅನ್ಸುತ್ತೆ." ಹೇಳುತ್ತಲೇ ಅವಳು ಕುರ್ಚಿಯ ಪಕ್ಕದಲ್ಲಿಟ್ಟಿದ್ದ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮುಖದಲ್ಲಿ ಮರುಕ ಹಾಗೇ ಇತ್ತು, ಬೆರಳು ಚೀಲದ ಜಿಪ್ಪನ್ನು ಎಳೆಯಿತು.

ಅವನು ನೋಡಿದ. ಲೋಟ ಕೊಟ್ಟ. ಮಿಷನ್ ಲಾಂಡ್ರಿ ಶುರುವಾದ ವರ್ಷ ಯಾವುದು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಮನೆ ಬಿಟ್ಟ ವರ್ಷ ಅದು.

*

ಆ ವರ್ಷವೇ ಟ್ರಂಕಿನ ನೋಟುಗಳು ಕರಗತೊಡಗಿದ್ದು. ಒಮ್ಮೆಗೇ ಅಲ್ಲ. ಈ ವಾರ ಒಂದು, ಮುಂದಿನ ವಾರ ಒಂದು.

"ಇಲಿ ತಿಂದಿದ್ರೆ ಚೂರಾದ್ರೂ ಬಿದ್ದಿರ್ಬೇಕಲ್ಲ," ಅಂದಳು ಅಮ್ಮ.

"ಎರಡು ಕಾಲಿನ ಇಲಿ ಚೂರು ಬಿಡಲ್ಲ ಅಕ್ಕ," ಅಂದ ಮಾವ, ಮಗನ ಕಡೆ ನೋಡುತ್ತಾ.

ಅಮ್ಮ ಮಗನನ್ನು ನೇರವಾಗಿ ಕೇಳಲಿಲ್ಲ. ಕೇಳಿದ್ದರೆ ಒಂದು ಜಗಳ ಆಡಿ ಮುಗಿಸಬಹುದಿತ್ತು. ಅವಳು ಗುರುತು ಹಾಕಿದಳು. ಬಟ್ಟೆಗಳು ಅದಲುಬದಲಾಗದಿರಲಿ ಅಂತ ಒಂದೊಂದು ಮನೆಗೆ ಒಂದೊಂದು ಗುರುತನ್ನು ಕಾಲರಿನ ಒಳಗೆ ಹಾಕುವುದು ಅಂಗಡಿಯ ರೂಢಿ. ವಕೀಲರಿಗೆ ಸೊನ್ನೆ, ನರ್ಸಮ್ಮನಿಗೆ ಎರಡು ಗೀಟು, ತಮ್ಮ ಮನೆಯ ಬಟ್ಟೆಗೆ ಮೂರು ಚುಕ್ಕಿ. ಎಷ್ಟು ಒಗೆದರೂ ಹೋಗದ ಮಸಿ. ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಅಮ್ಮ ಆ ಮಸಿಯನ್ನು ತಂದು ಟ್ರಂಕಿನ ಪ್ರತಿ ನೋಟಿನ ಮೂಲೆಗೂ ಮೂರು ಚುಕ್ಕಿ ಇಟ್ಟಳು. ಇಡುವಾಗ ಮಗ ಕಿಟಕಿಯಾಚೆ ನಿಂತು ನೋಡಿದ್ದ. ಅವಳಿಗೆ ಅದು ಗೊತ್ತಿರಲಿಲ್ಲ. ಹೆತ್ತ ಮಗನನ್ನು ಹಿಡಿಯಲು ಮನೆಯ ಗುರುತನ್ನೇ ಗಾಳಕ್ಕೆ ಸಿಕ್ಕಿಸಿದ್ದಳು.

ಆಮೇಲೆ ದಿನಾ ಸಂಜೆ ಅವನು ಅಂಗಡಿ ಬಿಟ್ಟು ಹೊರಗೆ ಹೊರಟಾಗ ಅಮ್ಮ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು.

"ಜೇಬು."

ಅವನು ಪ್ಯಾಂಟಿನ ಎರಡೂ ಜೇಬನ್ನು ಹೊರಗೆಳೆದು ತೋರಿಸುತ್ತಿದ್ದ. ಬಿಳಿ ಅಸ್ತರು ನಾಯಿಯ ನಾಲಿಗೆಯಂತೆ ಎರಡೂ ಕಡೆ ಜೋತು ಬೀಳುತ್ತಿತ್ತು. ಅಪ್ಪ ಮೇಜಿನ ಮುಂದೆ ನಿಂತು ದಿನಾ ಅದನ್ನು ನೋಡುತ್ತಿದ್ದ. ನೋಡಿ ಬಟ್ಟೆಯ ಕಡೆ ತಿರುಗುತ್ತಿದ್ದ. ಚುಕ್ಕಿಯ ನೋಟು ಮಗನ ಜೇಬಲ್ಲಿ ಒಂದು ದಿನವೂ ಸಿಗಲಿಲ್ಲ. ಸಿಗಲಿಲ್ಲ ಅಂದರೆ ಅಷ್ಟರಲ್ಲೇ ಖರ್ಚು ಮಾಡಿದ್ದಾನೆ ಅಂತ ಅರ್ಥ ಎಂದ ಮಾವ. ಅನುಮಾನಕ್ಕೆ ಸಿಕ್ಕಿದರೂ ಸಾಕ್ಷಿ, ಸಿಗದಿದ್ದರೂ ಸಾಕ್ಷಿ.

ಒಂದು ಸಂಜೆ ಅವನು ಅಸ್ತರನ್ನು ಒಳಗೆ ಹಾಕಲೇ ಇಲ್ಲ. ಹಾಗೇ ಅಪ್ಪನ ಮುಂದೆ ಹೋಗಿ ನಿಂತ.

"ನೀನಾದ್ರೂ ಹೇಳಪ್ಪ. ದಿನಪೂರ್ತಿ ನಿನ್ನ ಕಣ್ಣೆದುರಿಗೇ ಇರ್ತೀನಿ. ನಾನು ತಗೊಂಡಿದ್ದು ನೋಡಿದ್ಯಾ?"

ಅಪ್ಪ ತಲೆ ಎತ್ತಲಿಲ್ಲ. ಬಟ್ಟೆ ಕಂದುವ ವಾಸನೆ ಬಂತು. ಬುದ್ಧಿ ಬಂದಾಗಿನಿಂದ ಅಪ್ಪನ ಕೈಯಲ್ಲಿ ಬಟ್ಟೆ ಕಂದಿದ್ದನ್ನು ಮಗ ನೋಡಿದ್ದು ಅದೇ ಮೊದಲು.

"ಹೋಗ್ಲಿ ಬಿಡೇ," ಅಂದ ಅಪ್ಪ, ಅಮ್ಮನಿಗೆ. "ಹುಡುಗ. ಮನೆ ದುಡ್ಡು ತಾನೇ."

ಇಲ್ಲ ಅಂದಿದ್ದರೆ ಸಾಕಿತ್ತು. ಹೌದು, ಇವನೇ ಕಳ್ಳ ಅಂದಿದ್ದರೂ ಕುತ್ತಿಗೆಪಟ್ಟಿ ಹಿಡಿದು ಕೇಳಬಹುದಿತ್ತು. ಅಪ್ಪ ಕ್ಷಮಿಸಿಬಿಟ್ಟ. ಮಾಡದ ತಪ್ಪನ್ನು ಎಲ್ಲರೆದುರು ಕ್ಷಮಿಸಿದರೆ ಅದನ್ನು ತೊಳೆಯಲು ಯಾವ ಸೋಪೂ ಇಲ್ಲ.

ಮಾರನೆಯ ದಿನ ಅವನು ಹೊರಟುಹೋದ. ಬೇರೆ ಊರಿನ ಆಸ್ಪತ್ರೆಯ ಲಾಂಡ್ರಿಗೆ ಸೇರಿದ. ಅಲ್ಲಿ ಹಾಸಿಗೆಬಟ್ಟೆಗಳಿಗೆ ಜೇಬೇ ಇರಲಿಲ್ಲ, ಅದೊಂದು ನೆಮ್ಮದಿ. ಇತ್ತ ಅಮ್ಮ ಬೀಗದ ಕೈಯನ್ನು ಮೊಳೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳಂತೆ. ಅವತ್ತಿನಿಂದ ಒಂದು ನೋಟೂ ಹೋಗಲಿಲ್ಲವಂತೆ. "ನೋಡಿದ್ಯಾ ಅಕ್ಕ?" ಅಂದನಂತೆ ಮಾವ. "ಇಲಿ ಹೋಯ್ತು, ಕಾಟ ನಿಂತೋಯ್ತು."

*

ಹೆಣದ ಗಾಡಿ ಬಂತು. ಅದರ ಹಿಂಬಾಗಿಲಿಗೂ ಒಂದು ಸ್ಟಿಕ್ಕರ್ ಇತ್ತು. ಮಾವ ಫೋನು ತೆಗೆದು, "ನಾನೇ ಕಳಿಸಿಬಿಡ್ತೀನಿ ಅಕ್ಕ, ಆಮೇಲೆ ನೋಡ್ಕೊಳ್ಳೋಣ," ಅಂದ. ಅಮ್ಮ ಅಪ್ಪನ ತಲೆಯ ಹತ್ತಿರ ಕೂತಿದ್ದಳು.

ಬಂದವರ ನಡುವೆ ಕೂತಿದ್ದ ವಕೀಲರು ಗಂಟಲು ಸರಿಮಾಡಿಕೊಂಡರು. "ನಿಮಗೆಲ್ಲ ಒಂದು ತೋರಿಸ್ತೀನಿ. ನಾನಂತೂ ಅದನ್ನ ಖರ್ಚೇ ಮಾಡಿಲ್ಲ." ಫೋನನ್ನು ಮಗುಚಿ, ಅದರ ಬೆನ್ನಿನ ಕವರನ್ನು ಉಗುರಿನಿಂದ ಎಬ್ಬಿಸಿದರು. ಒಳಗೆ ಒಂದು ನೋಟು, ಎಲೆಯಂತೆ ಚಪ್ಪಟೆ. "ನನ್ನ ಕೋಟಿನ ಒಳಜೇಬಲ್ಲಿತ್ತು ಅಂತ ಕೈಯಾರೆ ತಂದುಕೊಟ್ರು. ಎಷ್ಟು ವರ್ಷ ಆಯ್ತು, ಇಸ್ತ್ರಿ ಇನ್ನೂ ಹಾಗೇ ಇದೆ. ಒಳ್ಳೆಯೋರ ಕೈಯದು, ಇರ್ಲಿ ಅಂತ ಇಟ್ಕೊಂಡಿದ್ದೀನಿ."

ನೋಟು ಕಿಟಕಿಯ ಬೆಳಕಿಗೆ ತಿರುಗಿತು. ಮೂಲೆಯಲ್ಲಿ ಮೂರು ಚುಕ್ಕಿ.

ಅಂಗಡಿ ಅಂಗಡಿ ಸುತ್ತಿ ವಕೀಲರ ಕೈಗೆ ಬಂದಿರಬಹುದೇ ಅಂತಲೂ ಮಗ ಒಂದು ಗಳಿಗೆ ಯೋಚಿಸಿದ. ಆದರೆ ಅಂಗಡಿ ಸುತ್ತಿದ ನೋಟಿಗೆ ಅಪ್ಪನ ಇಸ್ತ್ರಿ ಇರುವುದಿಲ್ಲ. ಪೆನ್ನು ಮಾತ್ರ ಇಡುವ ಜೇಬು. ನೋಟೇ ಮುಟ್ಟದ ಅಂಗಡಿಯವನು. ಎಲ್ಲಿಗೆ ಹೋಗ್ತಿವೆ ಅಂತ ನಕ್ಕ ವಕೀಲ. ಅಪ್ಪ ಆ ನಗುವಿಗೆ ಉತ್ತರ ಕೊಟ್ಟಿದ್ದ. ಟ್ರಂಕಿನಿಂದ ತೆಗೆದು, ಇಸ್ತ್ರಿ ಮಾಡಿ, ಒಬ್ಬೊಬ್ಬರಿಗೇ, ಎತ್ತಿ ತೋರಿಸಿ. ಊರಿಗೆ ಉಪಕಾರಿ, ಮನೆಗೆ ಮಾರಿ!

"ಸಾರ್, ಆ ನೋಟು ಸ್ವಲ್ಪ ಕೊಡ್ತೀರಾ?"

"ಬಂತು ನೋಡಿ," ಅಂದ ಮಾವ. "ನೋಟು ಕಂಡ್ರೆ ಸಾಕು, ಕೈ ಕಡಿಯುತ್ತೆ."

ವಕೀಲರು ಕೊಡಲೋ ಬೇಡವೋ ಎಂದು ಎರಡು ಬೆರಳಲ್ಲಿ ಹಿಡಿದಿದ್ದರು. ಅವನು ಅದನ್ನು ಎಳೆದುಕೊಂಡು ಅಮ್ಮನ ಕೈಗೆ ಕೊಟ್ಟ. ಅಮ್ಮ ನೋಡಿದಳು. ಹೆಬ್ಬೆರಳಿನಿಂದ ಮೂಲೆಯನ್ನು ತಿಕ್ಕಿದಳು. ಮತ್ತೆ ತಿಕ್ಕಿದಳು. ಎಷ್ಟು ಒಗೆದರೂ ಹೋಗದ ಮಸಿ, ತಿಕ್ಕಿದರೆ ಹೋದೀತೇ?

"ಇದು ನಿಮ್ದೇನಾ ಸಾರ್?"

"ನಂದೇ. ಅಂದ್ರೆ… ನಿಮ್ಮ ಯಜಮಾನ್ರೇ ಹಾಗಂತ ಕೊಟ್ಟಿದ್ದು. ಯಾಕಮ್ಮ?"

"ನಿಜ ಹೇಳ್ಬೇಕು ಅಂದ್ರೆ," ಅಂದಳು ನರ್ಸಮ್ಮ ಮೆಲ್ಲಗೆ, "ನಂದು ಅಲ್ಲ ಅಂತ ನಂಗೆ ಆವಾಗ್ಲೇ ಅನುಮಾನ ಇತ್ತು."

"ಅನುಮಾನ ಇದ್ರೆ ಯಾಕಕ್ಕ ತಗೊಂಡ್ರಿ?" ಅಂದ ಮಗ.

ಅವಳ ಬದಲು ಔಷಧಿ ಅಂಗಡಿಯವನು ಬಾಯಿ ಹಾಕಿದ. "ಅಷ್ಟು ಪ್ರೀತಿಯಿಂದ ಕೊಟ್ಟಾಗ ಬೇಡ ಅಂದ್ರೆ ಅವರ ಮನಸ್ಸಿಗೆ ನೋವಾಗಲ್ವೇನಪ್ಪ?"

"ಎಷ್ಟು ಸಲ ನೋವಾಗದ ಹಾಗೆ ನೋಡ್ಕೊಂಡ್ರಿ?"

ಅಂಗಡಿಯವನು ಚಪ್ಪಲಿ ನೋಡಿಕೊಂಡ. "ಒಂದು ನಾಲ್ಕು ಸಲ ಇರ್ಬಹುದು."

"ಏನದು, ಏನ್ ವಿಷಯ?" ಅಂತ ಮಾವ ಒಬ್ಬೊಬ್ಬರ ಮುಖವನ್ನೂ ನೋಡಿದ.

ಮಗನ ನಾಲಿಗೆಯ ತುದಿಯಲ್ಲಿ ಮಾತು ಕುದಿಯುತ್ತಿತ್ತು. ನೀವೆಲ್ಲ ಹೊಗಳ್ತಿದ್ದೀರಲ್ಲ, ಇಲ್ಲಿ ಮಲಗಿದ್ದಾನಲ್ಲ, ಇವನೇ ಆ ಇಲಿ. ಒಂದು ಉಸಿರಿನ ಮಾತು. ಅದನ್ನು ಆಡಿದರೆ ಅವನು ಕಳ್ಳನಲ್ಲ. ಅದನ್ನು ಆಡಿ, ಆಮೇಲೆ ಹೆಣಕ್ಕೆ ಹೆಗಲು ಕೊಡಬೇಕು. ಅವನು ಬಾಯಿ ತೆರೆದ.

"ನಿಮ್ದೇ ಸಾರ್," ಅಂದಳು ಅಮ್ಮ.

ನೋಟನ್ನು ವಕೀಲರ ಕೈಗೆ ಕೊಟ್ಟಳು. "ಇಟ್ಕೊಳಿ. ಅವರು ಒಬ್ಬರ ನೋಟನ್ನ ಇನ್ನೊಬ್ಬರ ಜೇಬಿಗೆ ಹಾಕಿದೋರಲ್ಲ."

ಆಮೇಲೆ ಎದ್ದು ನಿಂತು, ಸೊಂಟದಿಂದ ಬೀಗದ ಕೈ ಬಿಚ್ಚಿ, ಎಲ್ಲರಿಗೂ ಕಾಣುವ ಹಾಗೆ ಮಗನ ಮುಂದೆ ಹಿಡಿದಳು.

"ಗಾಡಿಯವರಿಗೆ ಕೈಯಲ್ಲೇ ಕೊಡೋಣ. ಟ್ರಂಕಿಂದ ತಗೊಂಡ್ ಬಾ ಮಗ."

"ಅಕ್ಕ! ಇವನ ಕೈಗಾ…"

"ನೀನು ಆ ಕುರ್ಚಿಗಳನ್ನ ಪಕ್ಕಕ್ಕೆ ಹಾಕು ಹೋಗೋ. ದಾರಿ ಬೇಕು."

ಬೀಗದ ಕೈ ಅಮ್ಮನ ಮೈಕಾವಿಗೆ ಬೆಚ್ಚಗಿತ್ತು. ಕೋಣೆಯೊಳಗೆ ಅವನೊಬ್ಬನೇ. ಇದು ನಂಬಿ ಕೊಟ್ಟದ್ದೋ, ಬಾಯಿ ಮುಚ್ಚಿಸಲು ಕೊಟ್ಟದ್ದೋ? ಟ್ರಂಕಿನ ಮುಚ್ಚಳ ತೆರೆದ. ಮೇಲಿನ ನೋಟಿಗೂ ಮೂರು ಚುಕ್ಕಿ, ಅದರ ಕೆಳಗಿನದಕ್ಕೂ ಮೂರು ಚುಕ್ಕಿ. ಬ್ಯಾಂಕಿನಿಂದ ಮೊನ್ನೆ ತಂದ ಹೊಸ ಕಂತೆಗೂ. ಮಸಿ ಇನ್ನೂ ಹೊಳೆಯುತ್ತಿತ್ತು. ಅವನು ಊರು ಬಿಟ್ಟು ವರ್ಷಗಳಾಗಿದ್ದವು. ಬೀಗದ ಕೈ ಸೊಂಟದಲ್ಲಿತ್ತು. ಹಾಗಾದರೆ ಈ ಚುಕ್ಕಿಗಳನ್ನು ಯಾರಿಗಾಗಿ ಇಡುತ್ತಿದ್ದಳು? ಅಪ್ಪನ ವಿಷಯ ಯಾವತ್ತಿನಿಂದ ಗೊತ್ತಿತ್ತು ಇವಳಿಗೆ?

ಬೇಕಾದಷ್ಟು ಎತ್ತಿಕೊಂಡು, ಬೀಗ ಹಾಕಿ ಹೊರಬಂದ. ಹೊಸ್ತಿಲಲ್ಲಿ ಅಮ್ಮ ನಿಂತಿದ್ದಳು. ಅವಳು ಏನೂ ಕೇಳಿರಲಿಲ್ಲ. ಆದರೂ ಅವನ ಕೈಗಳು, ಅವನು ತಡೆಯುವ ಮುಂಚೆಯೇ, ಪ್ಯಾಂಟಿನ ಎರಡೂ ಜೇಬನ್ನು ಹೊರಗೆಳೆದು ಬಿಟ್ಟಿದ್ದವು.

ಅಮ್ಮನ ಮುಖ ಸುಟ್ಟ ಬಟ್ಟೆಯಂತಾಯಿತು.

ಅವನು ಅಸ್ತರನ್ನು ಒಳಗೆ ಹಾಕಲಿಲ್ಲ. ಹಾಗೇ ಅಂಗಳಕ್ಕಿಳಿದು ಗಾಡಿಯವನಿಗೆ ದುಡ್ಡು ಕೊಟ್ಟ. ಗಾಡಿಯವನು ನೋಟನ್ನು ಬೆಳಕಿಗೆ ಹಿಡಿದು ಅನುಮಾನದಿಂದ ತಿರುಗಿಸಿದ.

"ಫೋನಲ್ಲಿ ಹಾಕಿದ್ರೆ ಚೆನ್ನಾಗಿತ್ತು. ಮೂಲೇಲಿ ಏನಿದು ಮಸಿ?"

"ಗುರುತು."

"ಯಾರ್ದು?"

"ನಮ್ಮನೇದು."

"ಸರಿ, ಎತ್ತಿ. ಹೊತ್ತಾಯ್ತು."

ನಾಲ್ಕು ಜನ ಹಲಗೆಗೆ ಕೈ ಕೊಟ್ಟರು. ಮಗ ತಲೆಯ ಕಡೆ, ಹಲಗೆಯ ಎಡಕ್ಕೆ. ಎರಡೂ ಕೈ ಹಲಗೆಯಡಿ, ಅಪ್ಪನ ಇಸ್ತ್ರಿಯ ಕಾಲರ್ ಅವನ ಮೊಣಕೈಗೆ ತಾಗುತ್ತಿತ್ತು. ಜೇಬುಗಳು ಜೋತಾಡುತ್ತಿದ್ದವು. ಬೀದಿಯ ಜನ ಅದನ್ನೇ ನೋಡುತ್ತಿದ್ದರು.

ಅಮ್ಮ ಹಿಂದಿನಿಂದ ಓಡಿಬಂದಳು. ಅವನ ಎಡಕ್ಕೆ ಬಂದು, ಹೊರಬಿದ್ದ ಅಸ್ತರನ್ನು ಬೆರಳುಗಳಿಂದ ಒಳಗೆ ತುರುಕಿದಳು. ತುರುಕಿ, ಮೇಲಿನಿಂದ ಅಂಗೈಯಲ್ಲಿ ಸವರಿದಳು, ಬಟ್ಟೆಯ ಸುಕ್ಕು ಬಿಡಿಸುವ ಹಾಗೆ. ಇನ್ನೊಂದು ಜೇಬು ಬಲಕ್ಕಿತ್ತು. ನಡುವೆ ಹಲಗೆ, ಹಲಗೆಯ ಮೇಲೆ ಅಪ್ಪ. ಅವಳು ಬಗ್ಗಿ ಹಲಗೆಯಡಿಯಿಂದ ಕೈ ಚಾಚಿದಳು. ಎಟುಕಲಿಲ್ಲ. ಹೊತ್ತವರು ಮುಂದೆ ನಡೆದರು, ಚಾಚಿದ ಕೈ ಹಾಗೇ ಹಿಂದುಳಿಯಿತು, ಬಲಗಡೆಯ ಬಿಳಿ ಅಸ್ತರು ಗಾಡಿಯವರೆಗೂ ಅಲ್ಲಾಡುತ್ತಾ ಹೋಯಿತು.